ಬೈಕ್‌ನ ಮುಂದಿನ ಬ್ರೇಕ್ ಪ್ಯಾಡ್ ಮನೆಯಲ್ಲೇ ಬದಲಿಸಬಹುದೇ? ಫಾರ್ವರ್ಡ್ ಮೆಸೇಜ್ ಹೇಳದ ವಿಷಯ ಇಲ್ಲಿದೆ

'ಎರಡು ಬೋಲ್ಟ್ ಬಿಚ್ಚಿ, ಹಳೇ ಪ್ಯಾಡ್ ತೆಗೆದು ಹೊಸದು ಹಾಕಿ, ಅಷ್ಟೇ. ಮೆಕ್ಯಾನಿಕ್ ದುಡ್ಡು ಉಳಿಯುತ್ತೆ' ಎನ್ನುವ ವಿಡಿಯೊಗಳು ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡುತ್ತಿರುತ್ತವೆ. ಇದು ನಿಜವೇ?

ಉತ್ತರ: ಅರ್ಧ ನಿಜ. ಡಿಸ್ಕ್ ಬ್ರೇಕ್ ಪ್ಯಾಡ್ ಬದಲಿಸುವುದು ಕಷ್ಟದ ಕೆಲಸವಲ್ಲ. ಆದರೆ ಕೊನೆಯ ಒಂದು ಹೆಜ್ಜೆ ಮರೆತರೆ ಮೊದಲ ಸಲ ಬ್ರೇಕ್ ಹಿಡಿದಾಗ ಗಾಡಿ ನಿಲ್ಲುವುದಿಲ್ಲ.

ಯಾಕೆ ಹೀಗಾಗುತ್ತದೆ?

ಲಿವರ್ ಒತ್ತಿದಾಗ ಬ್ರೇಕ್ ಆಯಿಲ್ ಕ್ಯಾಲಿಪರ್‌ನ ಪಿಸ್ಟನ್ ಅನ್ನು ತಳ್ಳುತ್ತದೆ. ಪಿಸ್ಟನ್ ಪ್ಯಾಡ್ ಅನ್ನು ಡಿಸ್ಕ್‌ಗೆ ಒತ್ತುತ್ತದೆ. ಪ್ಯಾಡ್ ಸವೆದಂತೆ ಪಿಸ್ಟನ್ ಮುಂದೆ ಬಂದಿರುತ್ತದೆ. ದಪ್ಪಗಿರುವ ಹೊಸ ಪ್ಯಾಡ್ ಕೂರಬೇಕೆಂದರೆ ಅದನ್ನು ಹಿಂದಕ್ಕೆ ತಳ್ಳಲೇಬೇಕು. ಆಗ ಪಿಸ್ಟನ್‌ಗೂ ಪ್ಯಾಡ್‌ಗೂ ನಡುವೆ ಜಾಗ ಉಳಿಯುತ್ತದೆ. ಮೊದಲ ಒತ್ತು ಆ ಜಾಗ ತುಂಬುವುದಕ್ಕೇ ಖರ್ಚಾಗಿ ಲಿವರ್ ಹ್ಯಾಂಡಲ್‌ವರೆಗೂ ಬರುತ್ತದೆ.

ಹಾಗಾಗಿ ಗಾಡಿ ಹತ್ತುವ ಮೊದಲೇ, ನಿಂತಲ್ಲೇ ಲಿವರ್ ಗಟ್ಟಿಯಾಗುವವರೆಗೆ ಹಲವು ಸಲ ಒತ್ತಬೇಕು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬೈಕ್ ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಸಿರಿಗೆರೆಯಿಂದ ಹೊರಟು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿಯ ಹಿಂದೆ ಹೋಗುವಾಗ 'ಇನ್ನೊಂದು ಸಲ ಒತ್ತೋಣ' ಎನ್ನಲು ಸಮಯ ಇರುವುದಿಲ್ಲ.

ಹಿಂದಿನ ಬ್ರೇಕ್ ಇದೆಯಲ್ಲ?

ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ. ಮುಂದಿನ ಟೈರಿನ ಹಿಡಿತ ಹೆಚ್ಚುತ್ತದೆ, ಹಿಂದಿನದು ಕಡಿಮೆಯಾಗುತ್ತದೆ. ಆದ್ದರಿಂದ ಗಾಡಿ ನಿಲ್ಲಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ಮುಂದಿನ ಬ್ರೇಕಿನದೇ. 'ಮುಂದಿನ ಬ್ರೇಕ್ ಮುಟ್ಟಲೇಬೇಡಿ' ಎನ್ನುವ ಸಲಹೆಯೂ ತಪ್ಪು.

ಮನೆಯಲ್ಲಿ ಮಾಡುವವರು ಗಮನಿಸಿ

- ಪಿಸ್ಟನ್ ಹಿಂದಕ್ಕೆ ತಳ್ಳುವಾಗ ಆಯಿಲ್ ಡಬ್ಬಿಯಲ್ಲಿ ಮಟ್ಟ ಏರುತ್ತದೆ. ಚೆಲ್ಲಿದರೆ ಪೇಂಟ್ ಹಾಳಾಗುತ್ತದೆ, ತಕ್ಷಣ ನೀರಿನಿಂದ ತೊಳೆಯಿರಿ.
- ಕೀಚ್ ಎನ್ನುವ ಸದ್ದು ಬಂತೆಂದು ಪ್ಯಾಡ್‌ಗೆ ಅಥವಾ ಡಿಸ್ಕ್‌ಗೆ ಎಣ್ಣೆ, ಗ್ರೀಸ್ ಹಚ್ಚಬೇಡಿ. ಬ್ರೇಕ್ ಹಿಡಿಯುವುದೇ ಇಲ್ಲ.
- ಡಬ್ಬಿಗೆ ಎಂಜಿನ್ ಆಯಿಲ್ ಹಾಕಬೇಡಿ, ಒಳಗಿನ ರಬ್ಬರ್ ಸೀಲ್ ಉಬ್ಬಿ ಕೆಡುತ್ತದೆ. ಮುಚ್ಚಳದ ಮೇಲೆ ಬರೆದಿರುವ ಡಾಟ್ 3 ಅಥವಾ ಡಾಟ್ 4 ಆಯಿಲ್ಲೇ ಬೇಕು.
- ಬ್ರೇಕಿನ ಧೂಳನ್ನು ಬಾಯಿಂದ ಊದಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ.
- ಬೋಲ್ಟ್‌ಗಳನ್ನು ಮ್ಯಾನುವಲ್‌ನಲ್ಲಿ ಹೇಳಿದಷ್ಟೇ ಬಿಗಿ ಮಾಡಿ.
- ಹೊಸ ಪ್ಯಾಡ್ ಹೊಂದಿಕೊಳ್ಳುವವರೆಗೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ.

ಯಾವಾಗ ಮೆಕ್ಯಾನಿಕ್ ಬೇಕೇ ಬೇಕು?

ಹಲವು ಸಲ ಒತ್ತಿದರೂ ಲಿವರ್ ಸ್ಪಂಜಿನಂತೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಸೇರಿರಬಹುದು. ಆಯಿಲ್ ಸೋರುತ್ತಿದ್ದರೆ ಅಥವಾ ಡಿಸ್ಕ್ ಅದರ ಮೇಲೆ ಅಚ್ಚಾಗಿರುವ ಕನಿಷ್ಠ ದಪ್ಪಕ್ಕಿಂತ ಸವೆದಿದ್ದರೂ ಗಾಡಿ ಓಡಿಸಬೇಡಿ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕ್‌ಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಅದರ ಪೈಪಿನಲ್ಲಿ ಗಾಳಿ ಸೇರಿದರೆ ತೆಗೆಯಲು ಸರ್ವಿಸ್ ಸೆಂಟರ್‌ನ ಉಪಕರಣ ಬೇಕಾಗಬಹುದು.

ಅಂಥ ವಿಡಿಯೊ ನಿಮ್ಮ ಗ್ರೂಪಿಗೂ ಬಂದಿದ್ದರೆ, ಅದರ ಕೆಳಗೆ ಈ ಒಂದು ಸಾಲು ಸೇರಿಸಿ ಕಳಿಸಿ: 'ಗಾಡಿ ಹತ್ತುವ ಮೊದಲು ಲಿವರ್ ಗಟ್ಟಿಯಾಗುವವರೆಗೆ ಒತ್ತಿ.'