ಒಬ್ಬನೇ ಗಿರಾಕಿಯ ಆಸರೆ

ಕಳೆದ ತಿಂಗಳು ನಮಗೆ ಪರಿಚಿತರಾದ ಗೃಹಸ್ಥರೊಬ್ಬರು ಚಿಂತಾಕ್ರಾಂತರಾಗಿ ಬಂದರು. ಅವರ ಮಗ ಬೆಂಗಳೂರಿನಲ್ಲಿ ಚಿಪ್ ವಿನ್ಯಾಸಗೊಳಿಸುವ ಕಂಪನಿಯೊಂದರಲ್ಲಿ ಇಂಜಿನಿಯರು. “ಕಂಪನಿ ಲಾಭದಲ್ಲಿದೆ, ಹುಡುಗನ ಕೆಲಸಕ್ಕೆ ಮೆಚ್ಚುಗೆಯೂ ಇದೆ. ಆದರೆ ಚಿಪ್ ಕೊಳ್ಳುತ್ತಿದ್ದ ಫೋನ್ ತಯಾರಕರು ಇನ್ನು ಮುಂದೆ ಅದನ್ನು ತಾವೇ ರೂಪಿಸಿಕೊಳ್ಳುತ್ತಾರಂತೆ. ಇವನ ವಿಭಾಗವೇ ಮುಚ್ಚಬಹುದಂತೆ. ಇದೆಂಥ ನ್ಯಾಯ?” ಎಂದು ಕೇಳಿದರು. ಅಂದು ನಾವು ಕೊಟ್ಟ ಉತ್ತರ ನಮಗೇ ಸಮಾಧಾನ ತರಲಿಲ್ಲ. ಆದುದರಿಂದ ಬಲ್ಲವರನ್ನು ವಿಚಾರಿಸಿ, ತಿಳಿದುದನ್ನು ಓದುಗರ ಮುಂದಿಡುತ್ತಿದ್ದೇವೆ.

ಚಿಪ್ಪನ್ನು ರೂಪಿಸುವುದು ಒಂದು ಉದ್ಯೋಗ, ತಯಾರಿಸುವುದು ಇನ್ನೊಂದು. ಸೀರೆಯ ಚಿತ್ತಾರ ಬರೆಯುವವನೇ ಮಗ್ಗದಲ್ಲಿ ಕೂರಬೇಕೆಂದಿಲ್ಲವಷ್ಟೆ. ಇತರರು ಕೊಟ್ಟ ವಿನ್ಯಾಸದಂತೆ ಚಿಪ್ ತಯಾರಿಸಿಕೊಡುವುದನ್ನೇ ವೃತ್ತಿಯಾಗಿಸಿಕೊಂಡ ಟಿಎಸ್‌ಎಂಸಿ ಎಂಬ ಸಂಸ್ಥೆಯನ್ನು ಮೊರಿಸ್ ಚಾಂಗ್ ಅವರು 1987ರಲ್ಲಿ ತೈವಾನಿನಲ್ಲಿ ಸ್ಥಾಪಿಸಿದರು. ಇಂದು ಜಗತ್ತಿನ ಅತಿ ಸೂಕ್ಷ್ಮ ಚಿಪ್ಪುಗಳಲ್ಲಿ ಬಹುಪಾಲು ಅಲ್ಲಿಯೇ ಸಿದ್ಧವಾಗುತ್ತವೆ.

ಈ ಉದ್ಯಮದಲ್ಲಿ ದೊಡ್ಡ ಗಿರಾಕಿಯ ಕೈ ಎಷ್ಟು ಬಲವಾದುದೆಂಬುದಕ್ಕೆ ಆಪಲ್ ಕಂಪನಿಯೇ ನಿದರ್ಶನ. 2007ರಲ್ಲಿ ಬಂದ ಅದರ ಮೊದಲ ಐಫೋನಿನ ಮುಖ್ಯ ಚಿಪ್ ಸ್ಯಾಮ್‌ಸಂಗ್‌ನದು. ಮರುವರ್ಷವೇ ಆಪಲ್, ಪಿ.ಎ. ಸೆಮಿ ಎಂಬ ಚಿಕ್ಕ ವಿನ್ಯಾಸ ಸಂಸ್ಥೆಯನ್ನು ಕೊಂಡಿತು; 2010ರಲ್ಲಿ ಎ4 ಎಂಬ ಸ್ವಂತ ಹೆಸರಿನ ಚಿಪ್ಪನ್ನು ಹೊರತಂದಿತು. ಅದನ್ನು ತಯಾರಿಸಿದ್ದು ಸ್ಯಾಮ್‌ಸಂಗ್ ಕಾರ್ಖಾನೆಯೇ. ಆದರೆ ಫೋನ್ ಮಾರಾಟದಲ್ಲಿ ಎದುರಾಳಿಯಾದವರ ಮನೆಯಲ್ಲಿ ಅಡುಗೆ ಮಾಡಿಸುವುದು ಎಷ್ಟು ಕಾಲ ನಡೆದೀತು? 2014ರಲ್ಲಿ ಎ8 ಚಿಪ್ಪಿನ ಕೆಲಸ ಟಿಎಸ್‌ಎಂಸಿಗೆ ಹೋಯಿತು. 2015ರಲ್ಲಿ ಎ9ನ್ನು ಇಬ್ಬರೂ ತಯಾರಿಸಿದರು. 2016ರ ಎ10ರಿಂದ ಟಿಎಸ್‌ಎಂಸಿಗೇ ಪೂರ್ಣ ಹೊಣೆ ದೊರೆಯಿತು. ಒಂದೊಂದು ಹೊಸ ಕಾರ್ಖಾನೆಗೂ ಸಾವಿರಾರು ಕೋಟಿ ಡಾಲರು ಬೇಕಾಗುವ ಈ ಉದ್ಯಮದಲ್ಲಿ, ವರ್ಷವರ್ಷವೂ ತಪ್ಪದೆ ಬರುವ ಇಂಥ ಬೇಡಿಕೆಯೇ ಮುಂದಿನ ಸಾಹಸಕ್ಕೆ ಬಂಡವಾಳವಾಗುತ್ತದೆ.

ಅದೇ ಕೈ ಹಿಂದೆಗೆದಾಗ ಏನಾಗುತ್ತದೆಂಬುದನ್ನು ಇಂಗ್ಲೆಂಡಿನ ಇಮ್ಯಾಜಿನೇಷನ್ ಟೆಕ್ನಾಲಜೀಸ್ ಕಂಡಿತು. ಐಫೋನಿನ ಪರದೆಯ ಮೇಲೆ ಚಿತ್ರಗಳನ್ನು ಮೂಡಿಸುವ ಭಾಗದ ವಿನ್ಯಾಸ ಅದರದು. ಅದರ ಆದಾಯದ ಸುಮಾರು ಅರ್ಧ ಆಪಲ್‌ನಿಂದಲೇ ಬರುತ್ತಿತ್ತು. ಎರಡು ವರ್ಷದೊಳಗೆ ತಮ್ಮ ವಿನ್ಯಾಸವನ್ನು ಆಪಲ್ ಕೈಬಿಡಲಿದೆಯೆಂದು 2017ರ ಏಪ್ರಿಲ್ 3ರಂದು ಸಂಸ್ಥೆ ಪ್ರಕಟಿಸಿತು. ಆ ಒಂದೇ ದಿನದಲ್ಲಿ ಅದರ ಷೇರಿನ ಬೆಲೆ ಅರ್ಧಕ್ಕಿಂತಲೂ ಹೆಚ್ಚು ಕುಸಿಯಿತು. ವರ್ಷ ತುಂಬುವುದರೊಳಗೆ ಸಂಸ್ಥೆ 55 ಕೋಟಿ ಪೌಂಡಿಗೆ ಪರರ ವಶವಾಯಿತು. ವಿಚಿತ್ರವೆಂದರೆ 2020ರ ಜನವರಿಯಲ್ಲಿ ಆಪಲ್ ಮತ್ತೆ ಅದರೊಡನೆ ಪರವಾನಗಿ ಒಪ್ಪಂದ ಮಾಡಿಕೊಂಡಿತು. ಆ ವೇಳೆಗೆ ಮನೆಯ ಯಜಮಾನನೇ ಬದಲಾಗಿದ್ದ.

ಹಾಗೆಂದು ಕೊಳ್ಳುವವನು ಸ್ವತಂತ್ರನೆಂದು ಭಾವಿಸಲಾಗದು. ಫೋನನ್ನು ಜಾಲಕ್ಕೆ ಜೋಡಿಸುವ ಮೋಡೆಮ್ ಚಿಪ್ಪಿಗಾಗಿ ಆಪಲ್, ಕ್ವಾಲ್‌ಕಾಮ್ ಕಂಪನಿಯನ್ನು ಅವಲಂಬಿಸಿತ್ತು. 2017ರಲ್ಲಿ ಅದರ ಮೇಲೆ ದಾವೆ ಹೂಡಿ ಇಂಟೆಲ್‌ನತ್ತ ವಾಲಿತು. 2019ರ ಏಪ್ರಿಲಿನಲ್ಲಿ ರಾಜಿಯಾಗಿ ಕ್ವಾಲ್‌ಕಾಮ್‌ನತ್ತಲೇ ಮರಳಿತು. ಅದೇ ದಿನ ಇಂಟೆಲ್, ಫೋನುಗಳ 5ಜಿ ಮೋಡೆಮ್ ಉದ್ಯಮವನ್ನು ತೊರೆಯುವುದಾಗಿ ಸಾರಿತು. ಬಳಿಕ ಆ ವಿಭಾಗವನ್ನು ಆಪಲ್‌ನವರೇ 100 ಕೋಟಿ ಡಾಲರಿಗೆ ಕೊಂಡರು. ಆದರೂ ಸ್ವಂತ ಮೋಡೆಮ್ ಮಾರುಕಟ್ಟೆಗೆ ಬಂದದ್ದು 2025ರ ಫೆಬ್ರವರಿಯಲ್ಲಿ. ಹಣದಿಂದ ಸಂಸ್ಥೆಯನ್ನು ಕೊಳ್ಳಬಹುದು. ಪಳಗಿದ ವಿದ್ಯೆಗೆ ಕಾಲವೇ ಬೇಕು.

ಚೀನದ ಹುವಾವೆಯ ಪಾಡು ಇನ್ನೂ ಕಠಿಣ. ಅದು ಚಿಪ್ಪನ್ನು ತಾನೇ ರೂಪಿಸಿ ಟಿಎಸ್‌ಎಂಸಿಯಲ್ಲಿ ಮಾಡಿಸುತ್ತಿತ್ತು. ಅಮೆರಿಕದ ನಿರ್ಬಂಧದಿಂದ 2020ರ ಸೆಪ್ಟೆಂಬರಿನಲ್ಲಿ ಆ ಪೂರೈಕೆ ನಿಂತಿತು. ಅದೇ ನವೆಂಬರಿನಲ್ಲಿ ತನ್ನ ಹಾನರ್ ಎಂಬ ಫೋನ್ ಶಾಖೆಯನ್ನೇ ಅದು ಮಾರಬೇಕಾಯಿತು. ಸ್ವದೇಶದಲ್ಲಿ ಎಸ್‌ಎಂಐಸಿ ತಯಾರಿಸಿದ ಚಿಪ್ಪಿನೊಡನೆ ಅದು ಮತ್ತೆ ತಲೆಯೆತ್ತಿದ್ದು 2023ರ ಆಗಸ್ಟಿನಲ್ಲಿ.

ಆ ಗೃಹಸ್ಥರನ್ನು ಮೊನ್ನೆ ಮತ್ತೆ ಕರೆಸಿ ಇಷ್ಟನ್ನೂ ವಿವರಿಸಿದೆವು. ಇದು ನಿಮ್ಮ ಮಗನ ತಪ್ಪಲ್ಲ, ಗಿರಾಕಿಯ ದ್ವೇಷವೂ ಅಲ್ಲ; ಒಂದೇ ಕಂಬಕ್ಕೆ ಆತುಕೊಂಡ ಮಾಡಿನ ಸಹಜ ಅಪಾಯ. ಇಂಟೆಲ್ ಆ ವಿಭಾಗವನ್ನು ಮಾರಿದಾಗ ಸುಮಾರು 2,200 ಮಂದಿ ನೌಕರರು ಆಪಲ್ ಸೇರುವರೆಂದು ಪ್ರಕಟವಾಗಿತ್ತು. ಬಾಗಿಲು ಮುಚ್ಚಿದರೂ ಬಲ್ಲವರು ಬೇಕಾಗಿದ್ದರು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಂದಿನಿಂದ ನಮ್ಮ ನಾಡಿನಲ್ಲಿಯೂ ಈ ವಿದ್ಯೆಗೆ ಬಾಗಿಲುಗಳು ಹೆಚ್ಚುತ್ತ ಬಂದಿವೆ.

ಮಕ್ಕಳು ಕೆಲಸಕ್ಕೆ ಸೇರುವಾಗ ಸಂಬಳವೆಷ್ಟೆಂದು ಕೇಳುವ ಹಿರಿಯರು, ಆ ಸಂಸ್ಥೆಗೆ ಗಿರಾಕಿಗಳೆಷ್ಟು ಮಂದಿ ಎಂಬುದನ್ನೂ ಕೇಳುವುದು ಲೇಸು. ಅದನ್ನು ಕೇಳಿ ಆ ತಂದೆ, “ಸೇರುವಾಗ ನಾವು ಕೇಳಲೇ ಇಲ್ಲ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇನ್ನೊಬ್ಬ ಮಗನಿದ್ದಾನೆ, ಅವನ ಸರದಿಗೆ ಕೇಳುತ್ತೇವೆ” ಎಂದು ಎದ್ದರು.