ಹೊನ್ನೆಯೋ, ಹಲಸೋ?

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹೊಗೆಸೊಪ್ಪಿನ ಬೆಳೆಗಾರರ ಮನೆಗಳಿಗೆ ಹೋಗಿಬಂದವರಿಗೆ ಬ್ಯಾರನ್ನಿನ ಪಕ್ಕದಲ್ಲಿ ಒಟ್ಟಿದ ಸೌದೆಯ ರಾಶಿ ಅಪರಿಚಿತವಲ್ಲ. ಎಲೆ ಹದವಾಗಲು ಹಗಲಿರುಳು ಉರಿ ಬೇಕು. ಆ ಉರಿಗೆ ಹುಣಿಸೆ, ಮಾವು, ನೀಲಗಿರಿ ಎಂಬ ಭೇದವಿಲ್ಲ. ಲಾರಿಯಲ್ಲಿ ದೂರದಿಂದ ಬಂದ ಸೌದೆಯಾದರೆ ಅದು ಯಾವ ಮರದ್ದೆಂಬುದು ಮಾರಿದವನಿಗೂ ಗೊತ್ತಿರುವುದಿಲ್ಲ.

ಪಿರಿಯಾಪಟ್ಟಣ ತಾಲ್ಲೂಕಿನಲ್ಲಿರುವ ನಮ್ಮ ಅಕ್ಕನವರ ಮನೆಯ ಅಂಥದೇ ರಾಶಿಯಲ್ಲಿ ಒಮ್ಮೆ ತೊಡೆಗಾತ್ರದ ತುಂಡೊಂದು ದೊರೆಯಿತು. ತೊಗಟೆ ಪೂರ್ತಿ ಉದುರಿತ್ತು. ಚೇಗು ಹಳದಿ ಬೆರೆತ ಕಂದು. ಬೆಂಕಿಗೆ ಹಾಕಲು ಮನಸ್ಸೊಪ್ಪದೆ ಭಾವನವರು ಅದನ್ನು ಹುಣಸೂರಿನಲ್ಲಿ ಲೇತ್ ಇಟ್ಟುಕೊಂಡಿರುವ ಆಚಾರ್ಯರೊಬ್ಬರ ಬಳಿಗೆ ಒಯ್ದರು. ಅವರು ಉಳಿಯಿಂದ ಒಂದಿಷ್ಟು ಕೆತ್ತಿ, ಚಕ್ಕೆಯನ್ನು ನೀರಿಗೆ ಹಾಕಿ, ನೀರು ಹಳದಿಯಾದುದನ್ನು ಕಂಡು, "ಹೊನ್ನೆಯೇ ಸ್ವಾಮಿ, ಸಂಶಯವೇ ಬೇಡ" ಎಂದರಂತೆ.

ಅಕ್ಕನವರಿಗೆ ಬಹುಕಾಲದಿಂದ ಸಕ್ಕರೆ ಕಾಯಿಲೆ. ಹೊನ್ನೆಯ ಲೋಟದಲ್ಲಿ ರಾತ್ರಿ ನೀರು ತುಂಬಿಟ್ಟು ಬೆಳಗಿನ ಜಾವ ಕುಡಿಯುವ ರೂಢಿಯನ್ನು ನಮ್ಮ ಸೀಮೆಯಲ್ಲಿ ಕೇಳದವರಿಲ್ಲ. ಲೋಟ ಕಡೆಯಲು ಹೇಳಿಯೂ ಆಯಿತು. ಅದು ಕೈಗೆ ಬರುವ ಮುನ್ನವೇ ಮಾತ್ರೆಗಳು ಬೀರು ಸೇರಿದ್ದವು. ಹಬ್ಬಕ್ಕೆಂದು ಹೋದ ನನಗೆ ಈ ಸಂಗತಿ ಊಟದ ಹೊತ್ತಿನಲ್ಲಿ ತಿಳಿಯಿತು. ಆಮೇಲೆ ತುತ್ತು ಇಳಿಯಲಿಲ್ಲ.

ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ನಿಘಂಟುಗಳನ್ನು ಕಂಠಪಾಠ ಮಾಡಿದವನು ನಾನು. ಹೊನ್ನೆಗೆ ಸಂಸ್ಕೃತದಲ್ಲಿ ಬೀಜಕ, ಅಸನ, ಪೀತಸಾರ ಎಂಬ ಹೆಸರುಗಳಿವೆ. ಆದರೆ ಅಸನವೆಂಬ ಹೆಸರಿನಿಂದಲೇ ಉತ್ತರದೇಶದವರು ನಮ್ಮ ಮತ್ತಿಯನ್ನೂ ಕರೆಯುತ್ತಾರೆ. ಪೀತಸಾರವೆಂದರೆ ಹಳದಿ ಚೇಗುಳ್ಳದ್ದು. ಹಾಗೆಂದರೆ ಹಲಸೂ ಪೀತಸಾರವೇ. ಬರ್ಮಾ, ಸಯಾಮ್ ದೇಶಗಳ ಬೌದ್ಧ ಭಿಕ್ಷುಗಳು ಚೀವರಗಳಿಗೆ ಬಣ್ಣ ಹಾಕಿದ್ದು ಹಲಸಿನ ಚಕ್ಕೆಯನ್ನು ಕುದಿಸಿಯೇ. ಎಂದಮೇಲೆ ನೀರು ಹಳದಿಯಾದ ಮಾತ್ರಕ್ಕೆ ಹೊನ್ನೆಯೆನ್ನುವುದು ಹೇಗೆ?

ಮರುದಿನವೇ ಹುಣಸೂರಿಗೆ ಹೋದೆ. ಒಂದು ಗಾಜಿನ ಲೋಟದಲ್ಲಿ ಆ ತುಂಡಿನ ಚಕ್ಕೆ, ಇನ್ನೊಂದರಲ್ಲಿ ಆಚಾರ್ಯರ ಬಳಿಯೇ ಇದ್ದ ನಿಶ್ಚಿತವಾದ ಹೊನ್ನೆಯ ಚಕ್ಕೆ ಹಾಕಿ, ನೀರು ಹೊಯ್ದು ಬಿಸಿಲಿಗಿಟ್ಟೆವು. ಎರಡೂ ಹಳದಿಯಾದವು. ಆದರೆ ಹೊನ್ನೆಯ ನೀರನ್ನು ಓರೆಯಾಗಿ ನೋಡಿದಾಗ ಅದರೊಳಗಿಂದ ನವಿಲುಗರಿಯ ನೀಲಿ ಹೊಳೆಯಿತು. ನಮ್ಮ ತುಂಡಿನ ನೀರು ಬರಿಯ ಹಳದಿಯಾಗಿಯೇ ಉಳಿಯಿತು.

ಇಷ್ಟಕ್ಕೇ ನಿಲ್ಲಿಸಲಿಲ್ಲ. ತುಂಡಿನ ಅಡ್ಡಕೊಯ್ತದ ಮುಖವನ್ನು ಹೊಸ ಬ್ಲೇಡಿನಿಂದ ನುಣ್ಣಗೆ ಹೆರೆದು, ಒದ್ದೆ ಮಾಡಿ, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡಬೇಕು. ಗರಗಸದ ಗೀರುಗಳಿರುವ ಮುಖದಲ್ಲಿ ಏನೂ ಕಾಣದು. ಬಣ್ಣ ಕಾಲಕ್ಕೆ ಮಾಸುತ್ತದೆ, ವಾಸನೆ ಆರುತ್ತದೆ, ಈ ಒಳರಚನೆ ಮಾತ್ರ ಬದಲಾಗದು. ಹಲಸಿನಲ್ಲಿ ಬರಿಗಣ್ಣಿಗೇ ಕಾಣುವಷ್ಟು ದೊಡ್ಡ ರಂಧ್ರಗಳಿದ್ದು, ಪ್ರತಿಯೊಂದನ್ನೂ ಕಣ್ಣಿನ ರೆಪ್ಪೆಯಂತೆ ತಿಳಿಬಣ್ಣದ ಅಂಚು ಸುತ್ತುವರಿದಿರುತ್ತದೆ. ಹೊನ್ನೆಯಲ್ಲಿ ಆ ಅಂಚುಗಳು ಒಂದಕ್ಕೊಂದು ಕೂಡಿ ಅಲೆಯಂತೆ ಹರಿಯುತ್ತವೆ. ಅದರ ಉದ್ದಮುಖದಲ್ಲಿ ತೆಳ್ಳನೆಯ ನೀರಲೆಯಂಥ ಅಡ್ಡಗೆರೆಗಳು ಸಾಲಾಗಿರುತ್ತವೆ. ಹಲಸಿನಲ್ಲಿ ಆ ಗೆರೆಗಳಿಲ್ಲ. ನಮ್ಮ ತುಂಡಿನಲ್ಲಿಯೂ ಇರಲಿಲ್ಲ. ಆಚಾರ್ಯರು ಭೂತಗನ್ನಡಿಯನ್ನು ಬಹಳ ಹೊತ್ತು ಕೆಳಗಿಡಲಿಲ್ಲ. "ಕೈ ಹೇಳಿತ್ತು ಸ್ವಾಮಿ, ತೂಕ ಕಮ್ಮಿ ಅಂತ. ನಾನೇ ಕೇಳಲಿಲ್ಲ" ಎಂದರು. ತಪ್ಪನ್ನು ಹೀಗೆ ಒಪ್ಪಿಕೊಳ್ಳುವ ಕಸಬುದಾರರು ಅಪರೂಪ.

ಇಷ್ಟಾದರೂ ಸಂದೇಹ ಉಳಿದವರು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ಚಿಕ್ಕದೊಂದು ತುಂಡನ್ನು ಕಳುಹಿಸಬಹುದು. ಮರವನ್ನು ಪರೀಕ್ಷಿಸಿ ಹೆಸರು ತಿಳಿಸುವುದು ಅಲ್ಲಿಯ ಕೆಲಸಗಳಲ್ಲೊಂದು.

ಇನ್ನು ನಿಜವಾದ ಹೊನ್ನೆಯ ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 97 ರೋಗಿಗಳ ಪೈಕಿ 67 ಮಂದಿಗೆ 12 ವಾರಗಳಲ್ಲಿ ಸಕ್ಕರೆ ಹತೋಟಿಗೆ ಬಂದಿತ್ತು. ಇದನ್ನು ಕೇಳಿ ಹಿಗ್ಗುವ ಮುನ್ನ ಉಳಿದುದನ್ನೂ ಓದಬೇಕು. ಅವರೆಲ್ಲರೂ ಕಾಯಿಲೆ ಆಗಷ್ಟೇ ಪತ್ತೆಯಾದವರು. ಕೊಟ್ಟದ್ದು ಅಳತೆ ಮಾಡಿದ ಸಾರವೇ ಹೊರತು ಲೋಟದ ನೀರಲ್ಲ. ಹೋಲಿಸಿ ನೋಡಲು ಔಷಧವಿಲ್ಲದ ಇನ್ನೊಂದು ಗುಂಪೂ ಇರಲಿಲ್ಲ. ಹಳೆಯ ಕಾಯಿಲೆಯವರು ಅದನ್ನು ನಂಬಿ ಮಾತ್ರೆ ಬಿಡಲು ಅಲ್ಲಿ ಯಾವ ಆಧಾರವೂ ಇಲ್ಲ. ಇದನ್ನು ಅಕ್ಕನವರಿಗೆ ಒಪ್ಪಿಸಲು ಮರ ಗುರುತಿಸಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. "ಹಲಸಾದರೂ ಒಳ್ಳೇ ಮರವೇ ಅಲ್ಲವೇನಪ್ಪ?" ಎಂದು ಕೇಳಿದರು. ಒಳ್ಳೆಯದೇ, ತಂಜಾವೂರಿನ ವೀಣೆಗಳು ಆಗುವುದೂ ಅದರಿಂದಲೇ ಎಂದೆ.

ಸಂಜೆ ವೈದ್ಯರಲ್ಲಿಗೆ ಕರೆದೊಯ್ದೆವು. ರಕ್ತಪರೀಕ್ಷೆಯಾಗಿ ಮಾತ್ರೆಗಳು ಮತ್ತೆ ಮೊದಲಾದವು. ಆ ತುಂಡಿನಿಂದ ಆಚಾರ್ಯರು ಮುಚ್ಚಳವಿರುವ ವಿಭೂತಿ ಕರಡಿಗೆಯೊಂದನ್ನು ಕಡೆದುಕೊಟ್ಟರು. ಕೂಲಿ ತೆಗೆದುಕೊಳ್ಳಲಿಲ್ಲ.