ಪ್ರೇಮ ಕಾದಂಬರಿ, ಪತ್ತೇದಾರಿ ಕಾದಂಬರಿ: ಓದುವ ಬಗೆ



ಪಠ್ಯಪುಸ್ತಕದ ನಡುವೆ ಕಾದಂಬರಿಯನ್ನು ಅಡಗಿಸಿಟ್ಟು ಓದುವುದು ನಿಮ್ಮ ತಲೆಮಾರಿನವರು ಕಂಡುಹಿಡಿದ ವಿದ್ಯೆಯಲ್ಲ. ನಿಮ್ಮ ತಂದೆ ತಾಯಿಯರೂ ಅದನ್ನು ಮಾಡಿದ್ದಾರೆ. ಹಾಗೆ ಅಡಗಿಸಿಟ್ಟ ಪುಸ್ತಕ ಸಾಮಾನ್ಯವಾಗಿ ಎರಡರಲ್ಲಿ ಒಂದು ಬಗೆಯದು: ಒಂದೋ ಪ್ರೇಮದ ಕಥೆ, ಇಲ್ಲವೇ ಕೊಲೆಯ ಕಥೆ. "ಇಂಥದ್ದನ್ನೆಲ್ಲ ಓದಿ ಏನು ಬಂತು?" ಎಂದು ಮನೆಯಲ್ಲಿ ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಸಿಟ್ಟಾಗುವುದಕ್ಕಿಂತ ಉತ್ತರ ಹುಡುಕುವುದು ಒಳ್ಳೆಯದು. ಕಾರವಾರ ಮತ್ತು ಅಂಕೋಲೆಯ ಸುತ್ತಮುತ್ತ ಹುಟ್ಟಿದ ಕೆಲವು ಪುಸ್ತಕಗಳನ್ನೂ ನಾಡಿನ ಬೇರೆಡೆ ಬಂದ ಕೆಲವನ್ನೂ ಮುಂದಿಟ್ಟುಕೊಂಡು ಆ ಉತ್ತರವನ್ನು ಇಲ್ಲಿ ಹುಡುಕೋಣ. ಒಂದು ಮಾತು ಕೊಡುತ್ತೇನೆ: ಯಾವ ಕಾದಂಬರಿಯ ಕೊನೆಯನ್ನೂ ನಾನು ಹೇಳಿಬಿಡುವುದಿಲ್ಲ.

ಎರಡು ಕಥೆಗಳ ಒಳಗಿನ ಒಂದೇ ಪ್ರಶ್ನೆ

ಪತ್ತೇದಾರಿ ಕಥೆ ಕೆಲಸ ಮಾಡುವ ರೀತಿ ನಿಮಗೆ ಗೊತ್ತಿದೆ. ಮೊದಲು ಒಂದು ಅಪರಾಧ, ಆಮೇಲೆ ಸುಳಿವುಗಳು, ಕೊನೆಗೆ ಅಪರಾಧಿ. ಅಮೆರಿಕದ ಎಡ್ಗರ್ ಅಲನ್ ಪೋ 1841ರಲ್ಲಿ ಬರೆದ ಒಂದು ಕಥೆಯಿಂದ ಈ ಪ್ರಕಾರ ಆರಂಭವಾಯಿತೆನ್ನುವುದು ವಾಡಿಕೆ. 1887ರಲ್ಲಿ ಷರ್ಲಾಕ್ ಹೋಮ್ಸ್ ಓದುಗರ ಮುಂದೆ ಬಂದ. 1929ರಲ್ಲಿ ಇಂಗ್ಲೆಂಡಿನ ಪಾದ್ರಿ ಹಾಗೂ ಲೇಖಕ ರೊನಾಲ್ಡ್ ನಾಕ್ಸ್ ಈ ಬಗೆಯ ಕಥೆಗೆ ಹತ್ತು ನಿಯಮಗಳನ್ನು ಹಾಕಿಕೊಟ್ಟ. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು ಎಂಬುದು ಅವುಗಳ ಸಾರ. ಅಂದರೆ ಲೇಖಕ ಓದುಗನಿಗೆ ಮೋಸ ಮಾಡಬಾರದು.

ಪ್ರೇಮ ಕಥೆಯಲ್ಲಿಯೂ ಸುಳಿವುಗಳಿರುತ್ತವೆ. ಅವನು ಹೇಳಿದ ಮಾತು ನಿಜವೇ? ಅವಳ ಮೌನಕ್ಕೆ ಏನು ಅರ್ಥ? 1813ರಲ್ಲಿ ಪ್ರಕಟವಾದ ಜೇನ್ ಆಸ್ಟೆನ್‌ಳ 'ಪ್ರೈಡ್ ಅಂಡ್ ಪ್ರೆಜುಡಿಸ್' ಕಾದಂಬರಿಯಲ್ಲಿ ನಾಯಕಿ ಒಬ್ಬನ ಮಾತನ್ನು ನಂಬಿ ಇನ್ನೊಬ್ಬನ ಬಗ್ಗೆ ತಪ್ಪು ತೀರ್ಮಾನಕ್ಕೆ ಬರುತ್ತಾಳೆ. ಒಂದು ಪತ್ರ ಕೈಗೆ ಬಂದಾಗ ಎಲ್ಲವನ್ನೂ ಮೊದಲಿನಿಂದ ಯೋಚಿಸುತ್ತಾಳೆ. ಇದನ್ನು ತನಿಖೆಯೆಂದು ಕರೆದರೆ ತಪ್ಪಾಗದು.

ಆದ್ದರಿಂದ ಎರಡೂ ಬಗೆಯ ಕಾದಂಬರಿಗಳು ಕೇಳುವ ಪ್ರಶ್ನೆ ಒಂದೇ: ಯಾರನ್ನು ನಂಬಬೇಕು, ಯಾವ ಆಧಾರದ ಮೇಲೆ ನಂಬಬೇಕು? ಹದಿನಾರರಿಂದ ಇಪ್ಪತ್ತರ ವಯಸ್ಸಿನಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಹೆಚ್ಚಿಲ್ಲ. ಈ ಪುಸ್ತಕಗಳು ಆ ವಯಸ್ಸಿನವರನ್ನು ಸೆಳೆಯಲು ಇದೂ ಒಂದು ಕಾರಣ.

ಕನ್ನಡದಲ್ಲಿ ನಡೆದು ಬಂದ ದಾರಿ

ಎನ್. ನರಸಿಂಹಯ್ಯನವರ 'ಪತ್ತೇದಾರ ಪುರುಷೋತ್ತಮ' ಮತ್ತು ಅವರ ನೂರಾರು ಪುಟ್ಟ ಕಾದಂಬರಿಗಳು ಸಾವಿರಾರು ಜನರಿಗೆ ಓದುವ ರುಚಿ ಹತ್ತಿಸಿದವು. ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಗಳನ್ನು ಬರೆದವರೇ. ಕನ್ನಡಿಗರ ಕೈಗೆ ಕನ್ನಡ ಪುಸ್ತಕ ಕೊಡುವುದು ಹೇಗೆ ಎಂಬ ಪ್ರಶ್ನೆಗೆ ಆ ಕಾಲದಲ್ಲಿ ಸಿಕ್ಕ ಒಂದು ಉತ್ತರ ಇದು.

ಪ್ರೇಮ ಮತ್ತು ಸಂಸಾರದ ಕಥೆಯನ್ನು ಬಹುಮಟ್ಟಿಗೆ ಮಹಿಳೆಯರು ಬೆಳೆಸಿದರು. 1963ರಲ್ಲಿ ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ತ್ರಿವೇಣಿಯವರು ಹೆಣ್ಣಿನ ಮನಸ್ಸಿನ ಒಳಗನ್ನು ಕಾದಂಬರಿಗೆ ತಂದರು. ಅವರ 'ಶರಪಂಜರ' 1971ರಲ್ಲಿ ಪುಟ್ಟಣ್ಣ ಕಣಗಾಲರ ಚಲನಚಿತ್ರವಾಯಿತು. ಎಂ. ಕೆ. ಇಂದಿರಾ, ಅನುಪಮಾ ನಿರಂಜನ, ಎಚ್. ಜಿ. ರಾಧಾದೇವಿ, ಉಷಾ ನವರತ್ನರಾಂ, ಸಾಯಿಸುತೆ ಮುಂತಾದವರ ಪುಸ್ತಕಗಳು ಬಾಡಿಗೆ ಗ್ರಂಥಾಲಯಗಳಲ್ಲಿ ಕೈಯಿಂದ ಕೈಗೆ ದಾಟಿ ಸವೆದವು. 1965ರಲ್ಲಿ ಆರಂಭವಾದ 'ಸುಧಾ', 1983ರಲ್ಲಿ ಬಂದ 'ತರಂಗ' ವಾರಪತ್ರಿಕೆಗಳ ಧಾರಾವಾಹಿಗಳಿಗಾಗಿ ಜನ ವಾರವಿಡೀ ಕಾಯುತ್ತಿದ್ದರು. ಮುಂದೆ ತೆಲುಗಿನ ಯಂಡಮೂರಿ ವೀರೇಂದ್ರನಾಥರೂ ಅನುವಾದದ ಮೂಲಕ ಕನ್ನಡದ ಓದುಗರ ಮನೆಮಾತಾದರು.

1994ರ 'ಜುಗಾರಿ ಕ್ರಾಸ್'ನಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಈ ಎರಡು ದಾರಿಗಳನ್ನೂ ಒಂದೆಡೆ ಸೇರಿಸಿದರು. ಏಲಕ್ಕಿ ಮಾರಲು ಹೊರಟ ಸುರೇಶ ಮತ್ತು ಗೌರಿ ಎಂಬ ಯುವ ದಂಪತಿ, ಸುತ್ತಲೂ ಕಾಡಿನ ಕಳ್ಳವ್ಯವಹಾರ, ಒಂದು ದಿನದೊಳಗೆ ಮುಗಿಯುವ ಓಟ. ಅದಕ್ಕೂ ಮೊದಲು ಬಂದ 'ಚಿದಂಬರ ರಹಸ್ಯ'ದಲ್ಲಿ ಒಂದು ಸಾವಿನ ತನಿಖೆಯೂ ಇದೆ, ರಫಿ ಮತ್ತು ಜಯಂತಿಯ ಪ್ರೀತಿಯೂ ಇದೆ. ಅದಕ್ಕೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ರೋಚಕವಾದದ್ದು ಸಾಹಿತ್ಯವಲ್ಲ ಎನ್ನುವವರಿಗೆ ಈ ಎರಡು ಪುಸ್ತಕಗಳನ್ನು ಕೊಟ್ಟು ನೋಡಿ.

ಈ ತೀರದ ಕಾದಂಬರಿಗಳು

ಕಾರವಾರ, ಅಂಕೋಲೆಗಳು 1862ರಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದು, 1956ರಲ್ಲಿ ಅಂದಿನ ಮೈಸೂರು ರಾಜ್ಯಕ್ಕೆ ಬಂದವು. ಇಲ್ಲಿನ ಬಹಳಷ್ಟು ಮನೆಗಳಲ್ಲಿ ಮಾತು ಕೊಂಕಣಿ, ಓದು ಕನ್ನಡ, ಮರಾಠಿಯೂ ಅಪರಿಚಿತವಲ್ಲ. ದುಡಿಮೆಗಾಗಿ ಮುಂಬಯಿಗೆ ಹೋದವರು ಮನೆಮನೆಯಲ್ಲೂ ಇದ್ದರು. ಹೀಗಾಗಿ 'ಊರು ಬಿಟ್ಟವನನ್ನು ನಂಬುವುದು ಹೇಗೆ?' ಮತ್ತು 'ಊರಿನವರ ಬಾಯಿಗೆ ಸಿಕ್ಕವರ ಗತಿ ಏನು?' ಎಂಬ ಎರಡು ಪ್ರಶ್ನೆಗಳು ಇಲ್ಲಿನ ಬರಹದಲ್ಲಿ ಮತ್ತೆ ಮತ್ತೆ ಬರುತ್ತವೆ.

ಅಂಕೋಲೆಯಿಂದ ಗಂಗಾವಳಿ ಹೊಳೆ ದಾಟಿ ದಕ್ಷಿಣಕ್ಕೆ ಹೋದರೆ ಹನೇಹಳ್ಳಿ. ಯಶವಂತ ಚಿತ್ತಾಲರು (1928-2014) ಹುಟ್ಟಿದ ಊರು ಅದು. ಅವರ 'ಮೂರು ದಾರಿಗಳು' ಕಾದಂಬರಿಯಲ್ಲಿ ಹಳ್ಳಿಯ ಹುಡುಗಿಯೊಬ್ಬಳ ಹೆಸರಿನ ಸುತ್ತ ಗುಸುಗುಸು ಹುಟ್ಟುತ್ತದೆ. ಅದನ್ನು ಹುಟ್ಟಿಸಿದವರು ಒಬ್ಬಿಬ್ಬರಾದರೆ ಹೊತ್ತುಕೊಂಡು ತಿರುಗುವವರು ಇಡೀ ಊರಿನವರು. ಕತ್ತಿ, ಬಂದೂಕು ಯಾವುದೂ ಇಲ್ಲ. ಆದರೂ ಇದನ್ನು ನಾನು ಒಂದು ಅಪರಾಧದ ಕಾದಂಬರಿಯಾಗಿಯೇ ಓದುತ್ತೇನೆ. 1981ರಲ್ಲಿ ಗಿರೀಶ ಕಾಸರವಳ್ಳಿಯವರು ಇದನ್ನು ಚಲನಚಿತ್ರವಾಗಿ ತೆಗೆದರು. ಅಂದು ಗುಸುಗುಸು ಬಾಯಿಂದ ಬಾಯಿಗೆ ಹೋಗುತ್ತಿತ್ತು. ಇಂದು ಅದೇ ಮಾತು ಮೊಬೈಲಿನಲ್ಲಿ ಕ್ಷಣಾರ್ಧದಲ್ಲಿ ಇಡೀ ಕಾಲೇಜನ್ನು ಸುತ್ತುತ್ತದೆ. ನಿಮಗೆ ಬಂದ ಒಂದು ಚಿತ್ರವನ್ನು, ಒಂದು ಸಾಲನ್ನು ಇನ್ನೊಬ್ಬರಿಗೆ ಕಳಿಸುವ ಮುನ್ನ ಈ ಕಾದಂಬರಿ ನೆನಪಾದರೆ, ಅದನ್ನು ಓದಿದ ಸಮಯ ದಂಡವಾಗಲಿಲ್ಲ.

1979ರಲ್ಲಿ ಬಂದ ಚಿತ್ತಾಲರ 'ಶಿಕಾರಿ' ಮುಂಬಯಿಯ ಕಥೆ. ಉತ್ತರ ಕನ್ನಡದಿಂದ ಹೋಗಿ ರಾಸಾಯನಿಕ ಕಂಪನಿಯಲ್ಲಿ ಮೇಲಿನ ಹುದ್ದೆಗೇರಿದ ನಾಗಪ್ಪ ಇದ್ದಕ್ಕಿದ್ದಂತೆ ಅಮಾನತಿಗೆ ಒಳಗಾಗುತ್ತಾನೆ. ಆರೋಪ ಏನು, ಅದರ ಹಿಂದೆ ಯಾರಿದ್ದಾರೆ ಎಂದು ಅವನೇ ಹುಡುಕಬೇಕು. ಚಿತ್ತಾಲರು ಸ್ವತಃ ಅಂಥದ್ದೇ ಉದ್ಯಮದಲ್ಲಿ ದುಡಿದವರಾದ್ದರಿಂದ ಕಚೇರಿಯ ಒಳಸುಳಿಗಳು ನಿಜವೆನಿಸುತ್ತವೆ. ಮೊದಲ ನೂರು ಪುಟ ನಿಧಾನವೆನಿಸಬಹುದು, ಬಿಡಬೇಡಿ. ಪತ್ತೇದಾರನೇ ಬೇಟೆಯಾಗಿರುವ ಕಥೆ ಕನ್ನಡದಲ್ಲಿ ವಿರಳ.

ಅಂಕೋಲೆಯಲ್ಲಿ 1962ರಲ್ಲಿ ಹುಟ್ಟಿದ ವಿವೇಕ ಶಾನಭಾಗರ 'ಘಾಚರ್ ಘೋಚರ್' 2013ರಲ್ಲಿ ಪ್ರಕಟವಾಗಿ, ಶ್ರೀನಾಥ ಪೆರೂರರ ಇಂಗ್ಲಿಷ್ ಅನುವಾದದ ಮೂಲಕ ಹೊರದೇಶಗಳ ಓದುಗರನ್ನೂ ತಲುಪಿತು. ಮೇಲುನೋಟಕ್ಕೆ ಅದು ಒಂದು ಮದುವೆಯ ಕಥೆ. ಹಣ ಬಂದ ಮೇಲೆ ಒಂದು ಕುಟುಂಬ ತನ್ನನ್ನು ಉಳಿಸಿಕೊಳ್ಳಲು ಎಷ್ಟು ದೂರ ಹೋದೀತು ಎಂಬುದು ಒಳಗಿನ ಕಥೆ. ಪುಸ್ತಕದಲ್ಲಿ ರಕ್ತ ಚೆಲ್ಲುವ ದೃಶ್ಯವಿಲ್ಲ; ಆದರೆ ಮುಚ್ಚಿಟ್ಟ ಮೇಲೆ ಓದುಗನಿಗೆ ಭಯವಾಗುತ್ತದೆ. 2021ರ 'ಸಕೀನಾಳ ಮುತ್ತು' ಕಾದಂಬರಿಯಲ್ಲಿ ಮಗಳು ರೇಖಾಳನ್ನು ಕೇಳಿಕೊಂಡು ಇಬ್ಬರು ಯುವಕರು ಮನೆಬಾಗಿಲಿಗೆ ಬರುತ್ತಾರೆ. ಅಪ್ಪ ಕಥೆ ಹೇಳುತ್ತಾ ಹೋದಂತೆ, ಅವನ ಮಾತನ್ನೇ ಎಷ್ಟು ನಂಬಬೇಕು ಎಂಬ ಅನುಮಾನ ನಮಗೆ ಬರುತ್ತದೆ. ಎಲ್ಲ ಗಂಟುಗಳೂ ಬಿಚ್ಚುವುದಿಲ್ಲ. ಕೆಲವರಿಗೆ ಇದು ಅಸಮಾಧಾನ ತಂದೀತು. ನನಗೆ ಇಷ್ಟವಾಯಿತು, ಏಕೆಂದರೆ ಮನೆಯೊಳಗಿನ ಗಂಟುಗಳು ಹಾಗೆಯೇ ಇರುತ್ತವೆ.

ಪ್ರೀತಿಯೆಂದರೆ ಗಂಡು ಹೆಣ್ಣಿನ ಪ್ರೇಮ ಮಾತ್ರವಲ್ಲ ಎಂಬುದಕ್ಕೂ ಕಾರವಾರ ಒಂದು ನಿದರ್ಶನ ಕೊಟ್ಟಿದೆ. ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿಗೆ 1883ರಲ್ಲಿ ಬಂದಿದ್ದ ರವೀಂದ್ರನಾಥ ಠಾಕೂರರು ಇಲ್ಲಿಯೇ 'ಪ್ರಕೃತಿರ್ ಪ್ರತಿಶೋಧ' ನಾಟಕ ಬರೆದರು. ಜಗತ್ತನ್ನೇ ತೊರೆದೆನೆಂದು ಬೀಗುವ ಸಂನ್ಯಾಸಿಯೊಬ್ಬನನ್ನು ಅನಾಥ ಬಾಲೆಯ ಅಕ್ಕರೆ ಮತ್ತೆ ಮನುಷ್ಯರ ನಡುವೆ ಕರೆತರುತ್ತದೆ. ಕಾರವಾರದ ಕಡಲತೀರಕ್ಕೆ ಇಂದಿಗೂ ಅವರ ಹೆಸರಿದೆ.

ಇತ್ತೀಚಿನ ಪುಸ್ತಕಗಳಲ್ಲಿ ಮೆಚ್ಚಿದ್ದು, ಮೆಚ್ಚದ್ದು

ಇತ್ತೀಚೆಗೆ ಬಂದ ಪ್ರೇಮಕಥೆಗಳಲ್ಲಿ ನಾನು ಎಲ್ಲರಿಗೂ ಹೇಳುವುದು ವಸುಧೇಂದ್ರರ 'ತೇಜೋ ತುಂಗಭದ್ರಾ' (2019). ಲಿಸ್ಬನ್ನಿನ ಬೆಲ್ಲಾಳನ್ನು ಮದುವೆಯಾಗಲು ಹಣ ಬೇಕೆಂದು ಗೇಬ್ರಿಯಲ್ ಹಡಗು ಹತ್ತಿ ಭಾರತಕ್ಕೆ ಬರುತ್ತಾನೆ. 1510ರಲ್ಲಿ ಗೋವಾ ಪೋರ್ಚುಗೀಸರ ವಶವಾದ ಕಾಲದ ಕಥೆ. ಕಾರವಾರದಿಂದ ಗೋವಾ ಗಡಿ ಎಷ್ಟು ಹತ್ತಿರವೆಂದು ಬಲ್ಲ ನಿಮಗೆ ಇದು ದೂರದ ಇತಿಹಾಸ ಅನ್ನಿಸದು. ಪ್ರೀತಿಗೆ ಅಡ್ಡ ಬರುವುದು ಇಲ್ಲಿ ಒಬ್ಬ ಖಳನಾಯಕನಲ್ಲ. ಮತ, ವ್ಯಾಪಾರ, ಯುದ್ಧ.

ರೋಚಕ ಕಥೆಗಳಲ್ಲಿ ಕೆ. ಎನ್. ಗಣೇಶಯ್ಯನವರದು ಬೇರೆಯೇ ದಾರಿ. ಕೃಷಿವಿಜ್ಞಾನಿಯಾದ ಅವರು 'ಕನಕ ಮುಸುಕು', 'ಕರಿಸಿರಿಯಾನ' ಮುಂತಾದ ಕಾದಂಬರಿಗಳಲ್ಲಿ ಶಿಲ್ಪ, ಶಾಸನ, ಇತಿಹಾಸಗಳನ್ನೇ ಸುಳಿವಾಗಿ ಬಳಸುತ್ತಾರೆ. ಪಾತ್ರಗಳಿಗೆ ಇನ್ನಷ್ಟು ಜೀವ ಬರಬೇಕಿತ್ತು ಎಂದು ನನಗೆ ಅನ್ನಿಸಿದ್ದುಂಟು. ಆದರೆ ಓದಿದ ಮೇಲೆ ಹಳೆಯ ದೇವಾಲಯದ ಗೋಡೆಯನ್ನು ನೋಡುವ ಕಣ್ಣು ಬದಲಾಗುತ್ತದೆ.

ಇನ್ನು ಮೆಚ್ಚದ್ದರ ಮಾತು. ಅಗ್ಗದ ಪ್ರೇಮ ಕಾದಂಬರಿಯಲ್ಲಿ ನಾಯಕಿ "ಬೇಡ" ಎಂದರೂ ನಾಯಕ ತಿಂಗಳುಗಟ್ಟಲೆ ಬೆನ್ನು ಹತ್ತುತ್ತಾನೆ. ಕೊನೆಗೆ ಅವಳು ಕರಗುತ್ತಾಳೆ. ಇದನ್ನು ಪ್ರೇಮವೆಂದು ತೋರಿಸುವುದು ಅಪಾಯ. ಹೆಣ್ಣು ನಿರಾಕರಿಸಿದ ಮೇಲೂ ಪದೇ ಪದೇ ಹಿಂಬಾಲಿಸುವುದು 2013ರಿಂದ ನಮ್ಮ ಕಾನೂನಿನಲ್ಲಿ ಅಪರಾಧ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮು ಇದನ್ನೇ ಹೇಳುತ್ತದೆ. ಅಗ್ಗದ ಅಪರಾಧ ಕಾದಂಬರಿಯಲ್ಲಿ ಇನ್‌ಸ್ಪೆಕ್ಟರ್ ನಾಲ್ಕು ಏಟು ಹಾಕಿದೊಡನೆ ಆರೋಪಿ ಎಲ್ಲವನ್ನೂ ಒಪ್ಪಿಕೊಳ್ಳುತ್ತಾನೆ, ಕಥೆ ಮುಗಿಯುತ್ತದೆ. ನಿಜವಾಗಿ, ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತಾಗಿ ಬಳಸುವಂತಿಲ್ಲ. 1872ರ ಸಾಕ್ಷ್ಯ ಅಧಿನಿಯಮದಲ್ಲಿಯೇ ಈ ನಿಯಮವಿತ್ತು, ಹೊಸ ಕಾನೂನಿನಲ್ಲಿಯೂ ಉಳಿದಿದೆ. ಏಟು ತಾಳದೆ ನಿರಪರಾಧಿಯೂ ಒಪ್ಪಿಕೊಂಡುಬಿಡಬಹುದು ಎಂಬುದೇ ಅದಕ್ಕೆ ಕಾರಣ. ಏಟನ್ನೇ ಪುರಾವೆ ಮಾಡುವ ಲೇಖಕ ಓದುಗನಿಗೆ ಕಾನೂನನ್ನೂ ತಪ್ಪಾಗಿ ಕಲಿಸುತ್ತಾನೆ, ತರ್ಕವನ್ನೂ ತಪ್ಪಾಗಿ ಕಲಿಸುತ್ತಾನೆ.

ಬರೆಯಲು ಕಾದಿರುವ ಒಂದು ಕಥೆ

ಅಂಕೋಲೆ ತಾಲ್ಲೂಕಿನ ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಅರಣ್ಯ ಇಲಾಖೆ ಲಕ್ಷಗಟ್ಟಲೆ ಟನ್ ಕಬ್ಬಿಣದ ಅದಿರನ್ನು ಜಪ್ತಿ ಮಾಡಿತು. ಹೀಗೆ ಜಪ್ತಿಯಾದ ಅದಿರಿನ ಬಹುಭಾಗ ಅಲ್ಲಿಂದಲೇ ಕಾಣೆಯಾಯಿತು. 2011ರ ಲೋಕಾಯುಕ್ತ ವರದಿಯಲ್ಲಿ ವಿವರಗಳು ಬಂದವು. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಕೆಲವರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು. ವಿಷಯ ಮೇಲ್ಮನವಿಯಾಗಿ ಹೈಕೋರ್ಟಿಗೆ ಹೋಯಿತು.

ಒಂದು ಉಂಗುರ ಕಳವಾದರೆ ಕಾದಂಬರಿಯಾಗುತ್ತದೆ. ಗುಡ್ಡದಷ್ಟು ಅದಿರು ಮಾಯವಾದರೆ? ಅದನ್ನು ಸಾಗಿಸಲು ಲಾರಿ ಬೇಕು, ತೂಕದ ಚೀಟಿ ಬೇಕು, ಪರವಾನಗಿಯ ಕಾಗದ ಬೇಕು, ಹಡಗು ಬೇಕು. ನೋಡಿಯೂ ಸುಮ್ಮನಿರುವವರು ಬೇಕು. ಇಲ್ಲಿ "ಯಾರು ಮಾಡಿದರು?" ಎಂಬ ಪ್ರಶ್ನೆ ಸಾಲದು, "ಎಷ್ಟು ಜನ ಸುಮ್ಮನಿದ್ದರು?" ಎಂದೂ ಕೇಳಬೇಕಾಗುತ್ತದೆ. ನಮ್ಮ ಅಪರಾಧ ಕಾದಂಬರಿ ಬಂಗಲೆಯಿಂದ ಹೊರಬಂದು ಇಂಥ ಬಂದರಿಗೂ ಹೋಗಬೇಕೆಂಬುದು ನನ್ನ ಆಸೆ. ನಿಮ್ಮಲ್ಲೇ ಯಾರಾದರೂ ಮುಂದೆ ಬರೆದರೆ ಸಂತೋಷ.

ನೀವೇ ಪರೀಕ್ಷಿಸಿ

ಮುಂದಿನ ಬಾರಿ ಇಂಥ ಕಾದಂಬರಿ ಓದುವಾಗ ಒಂದು ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಳ್ಳಿ. ಪತ್ತೇದಾರಿ ಪುಸ್ತಕವಾದರೆ ಅರ್ಧದಲ್ಲಿ ನಿಲ್ಲಿಸಿ, ನಿಮ್ಮ ಅನುಮಾನ ಯಾರ ಮೇಲೆ, ಯಾವ ಪುಟದ ಯಾವ ಸುಳಿವಿನಿಂದ ಎಂದು ಬರೆಯಿರಿ. ಮುಗಿದ ಮೇಲೆ ಹೋಲಿಸಿ ನೋಡಿ: ನೀವು ಸೋತದ್ದು ಸುಳಿವನ್ನು ಗಮನಿಸದೆಯೋ, ಲೇಖಕ ಅದನ್ನು ಬಚ್ಚಿಟ್ಟದ್ದರಿಂದಲೋ? ಸತ್ತ ವ್ಯಕ್ತಿಗೆ ಒಂದು ಹೆಸರು, ಒಂದು ಬದುಕು ಇತ್ತೇ, ಇಲ್ಲ ಬರೀ ಹೆಣವೇ? ಪ್ರೇಮ ಕಾದಂಬರಿಯಾದರೆ ಇಷ್ಟು ಕೇಳಿ: ನಾಯಕಿ ತಾನೇ ತೆಗೆದುಕೊಂಡ ತೀರ್ಮಾನಗಳೆಷ್ಟು? ಇಬ್ಬರಲ್ಲಿ ಒಬ್ಬರು "ಬೇಡ" ಎಂದಾಗ ಇನ್ನೊಬ್ಬರು ಕೇಳಿಸಿಕೊಂಡರೇ? ಮದುವೆಯ ಮರುದಿನ ಇವರು ಏನು ಮಾತಾಡಿಕೊಂಡಾರು ಎಂದು ಊಹಿಸಲು ಸಾಧ್ಯವೇ?

ಈ ಪ್ರಶ್ನೆಗಳಿಗೆ ಉತ್ತರ ಬರೆದ ಪುಟವನ್ನು ಮನೆಯವರಿಗೆ ತೋರಿಸಿ. ಪುಸ್ತಕವನ್ನು ಅಡಗಿಸಿಡುವ ಅಗತ್ಯ ಆಮೇಲೆ ಬರಲಾರದು. ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ 'ಮೂರು ದಾರಿಗಳು' ಇದೆಯೇ ಎಂದು ಈ ವಾರವೇ ವಿಚಾರಿಸಿ. ಇಲ್ಲವಾದರೆ ತರಿಸಿಕೊಡಲು ಕೇಳಿ.